ತನಗೆ ತಾನೇ ಬೀಜ ಕಟ್ಟಿದ ಭಂಗಿ

ಅಕ್ಕ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಇದು ನಿಜ. ಬೇಕಾದರೆ ಬರೆದುಕೊಳ್ಳಿ. ಹೂಪುಡಿಯ ದಿನ ಅವಳು ಹೊಸ್ತಿಲು ದಾಟಲಿಲ್ಲ, ಹೂಪುಡಿ ನಮ್ಮ ಅಂಗಳದ ಗಿಡಕ್ಕೆ ಮುಟ್ಟಲಿಲ್ಲ, ಗಿಡ ಕಾದು ಕಾದು ಕೊನೆಗೆ ತನ್ನ ಸಂಸಾರ ತಾನೇ ಮಾಡಿಕೊಂಡಿತು. ಇಷ್ಟಕ್ಕೆ ಊರೆಲ್ಲ ನನ್ನ ಮೇಲೆ ಬಿದ್ದದ್ದು ಯಾವ ಸೀಮೆಯ ನ್ಯಾಯ? ಸ್ವಯಂಭೂ ಲಿಂಗ ಕಂಡರೆ ಉದ್ದಂಡ ಬೀಳುವ ಜನ ಸ್ವಯಂಭೂ ಬೀಜ ಕಂಡು ಮೂಗು ಮುರಿಯುತ್ತಾರೆ.

ನಾನು ಗದಿಗೆಪ್ಪ. ಚಾವಡಿಗೆ ಅಂಟಿಕೊಂಡ ಮನೆ ನಮ್ಮದು. ನಮ್ಮದು ಅನ್ನುವುದು ರೂಢಿಯ ಮಾತು, ಅದು ಗಿಡದ ಮನೆ. ತಲೆಬಾಗಿಲು ದಾಟಿದರೆ ಅಂಗಳ, ಅಂಗಳದ ನಡುವೆ ಭಂಗಿ ಗಿಡ, ಆಚೆ ಪಡಸಾಲೆ, ಅದರಾಚೆ ಹಿತ್ತಿಲು. ಗಿಡ ಕಾಯುವವನು ಇರಲಿ ಎಂದು ಊರು ಕೊಟ್ಟ ಸೂರು. ಅಜ್ಜ ಕಾದ, ಅಪ್ಪ ಕಾದ, ಈಗ ನಾನು. ಗಿಡ ತಪ್ಪಿದರೆ ಕೆಲಸ ತಪ್ಪಿತು, ಕೆಲಸ ತಪ್ಪಿದರೆ ನಾನೂ ನನ್ನ ಹೆಂಡತಿ ಪಾರವ್ವನೂ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಈ ಬೀಜ ಬಿತ್ತಬಹುದೋ ಬಾರದೋ ಅನ್ನುವುದು ನನಗೆ ಬೇಸಾಯದ ಪ್ರಶ್ನೆಯಲ್ಲ, ತಲೆಯ ಮೇಲಿನ ಹೆಂಚಿನ ಪ್ರಶ್ನೆ.

ನಮ್ಮೂರಿನಲ್ಲಿ ಜಗಳ ಬಂದರೆ ಎರಡೂ ಕಡೆಯವರು ಚಾವಡಿ ಕಟ್ಟೆಯ ಮೇಲೆ ಎದುರುಬದುರು ಕೂರುತ್ತಾರೆ. ನಮ್ಮ ಗಿಡದ ಎಲೆ ಅರೆದು, ಹಾಲು ಬೆಲ್ಲ ಬೆರೆಸಿ, ತಲೆಗೊಂದು ಬಟ್ಟಲು ಕೊಡುತ್ತೇವೆ. ಕುಡಿದು ತಮ್ಮ ತಮ್ಮ ಮಾತು ಹೇಳಬೇಕು. ಸುಳ್ಳು ಹೇಳಿದವರಿಗೆ ನಗು ಬರುತ್ತದೆ. ಹಲ್ಲು ಕಚ್ಚಿದರೂ, ತೊಡೆ ಚಿವುಟಿಕೊಂಡರೂ ನಿಲ್ಲದ ನಗು. ನಕ್ಕವರು ಸೋತರು, ಗೌಡರು ಎದ್ದು ಊಟಕ್ಕೆ ಹೋದರು, ಅಲ್ಲಿಗೆ ಮುಗಿಯಿತು.

ಇದರಿಂದ ನಮ್ಮೂರಿನಲ್ಲಿ ನಗು ಅಂದರೆ ಒಂದು ಥರ ಕಳ್ಳಮಾಲು. ನಮ್ಮ ಮದುವೆಯ ಫೋಟೋ ನೋಡಿದ ಪರಊರಿನವರು ತೀರಿಕೊಂಡವರು ಯಾರು ಎಂದು ಕೇಳುತ್ತಾರೆ. ತೊಟ್ಟಿಲಲ್ಲಿ ಕೂಸು ನಕ್ಕರೆ ತಾಯಿ ಬಗ್ಗಿ ನೋಡಿ "ಏನ್ ಕದ್ದೀಯವ್ವಾ?" ಅನ್ನುತ್ತಾಳೆ. ನಗೆಚಟಾಕಿ ಹೇಳುವವರಿಗೆ ಬರವಿಲ್ಲ. ಕೇಳಿದವರು ಸಾವಿನ ಮನೆಯಲ್ಲಿ ಕೂತವರ ಹಾಗೆ ತಲೆದೂಗಿ "ಭಾಳ ಛಲೋ ಇತ್ತು" ಎಂದು ಎದ್ದು ಹೋಗುತ್ತಾರೆ.

ಹಾಗಂತ ನಮ್ಮೂರಿನವರು ಸತ್ಯಸಂಧರು ಎಂದುಕೊಳ್ಳಬೇಡಿ. ಎಲೆ ಹಿಡಿಯುವುದು ಸುಳ್ಳನ್ನು ಮಾತ್ರ, ಮಡಚಿಟ್ಟ ನಿಜವನ್ನಲ್ಲ. ಚಾವಡಿಯ ಎದುರಿಗೆ ರೇವಪ್ಪನ ಇಸ್ತ್ರಿ ಅಂಗಡಿ ಇದೆ. ಮುಂದೆ ಬಟ್ಟೆಗೆ ಇಸ್ತ್ರಿ, ಹಿಂದಿನ ಕೋಣೆಯಲ್ಲಿ ಮಾತಿಗೆ ಇಸ್ತ್ರಿ. ನಿಮ್ಮ ಸುಕ್ಕು ಸುಕ್ಕು ನಿಜವನ್ನು ಒಯ್ದು ಕೊಟ್ಟರೆ, ಕಲೆ ಇರುವ ಭಾಗವನ್ನು ಒಳಗೆ ಮಡಚಿ, ಗರಿಗರಿ ಮಾಡಿ ಕೊಡುತ್ತಾನೆ. ಪಕ್ಕದವನ ಕೋಳಿ ತಿಂದವನು "ನಾ ಅವರ ಕೋಳಿ ಹಿಡೀಲಿಲ್ರಿ" ಅನ್ನಬಹುದು. ಕೋಳಿ ಹಿಡಿದವಳು ಹೆಂಡತಿ. ನಗು ಬರುವುದಿಲ್ಲ. ನಮ್ಮಲ್ಲಿ ಸುಳ್ಳುಗಾರರು ಯಾರೂ ಉಳಿದಿಲ್ಲ, ಇರುವವರೆಲ್ಲ ನಾಜೂಕಿನ ನಿಜಗಾರರು.

ಈಗ ಹೂಪುಡಿಯ ವಿಷಯ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನ್ಯಾಯಕ್ಕೆ ಬೇಕಾದದ್ದು ಹೆಣ್ಣಿನ ಎಲೆ. ಗಂಡು ಪಕ್ಕದಲ್ಲಿದ್ದರೆ ಹೆಣ್ಣು ಗಿಡದ ಸತ್ವವೆಲ್ಲ ಬೀಜಕ್ಕೆ ಹೋಗಿ ಎಲೆ ಸಪ್ಪೆಯಾಗುತ್ತದೆ. ಅದಕ್ಕೇ ಹಿರಿಯರು ಹೆಣ್ಣನ್ನು ಕಾಲುವೆಯ ಈಚೆ ಇಟ್ಟು ಮಗನಿಗೆ ಒಪ್ಪಿಸಿದರು, ಗಂಡನ್ನು ಆಚೆ ಇಟ್ಟು ಮಗಳಿಗೆ ಒಪ್ಪಿಸಿದರು. ನಮ್ಮ ತಲೆಮಾರಿನಲ್ಲಿ ಗಂಡು ಗಿಡ ನನ್ನ ಅಕ್ಕ ಕಾಶವ್ವನ ಹಿತ್ತಿಲಲ್ಲಿದೆ. ವರ್ಷಕ್ಕೊಮ್ಮೆ ಹೂ ಬಲಿತ ದಿನ ಅವಳು ಪುಡಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು ಗಂಡಿನ ಕಡೆಯವಳಾಗಿ ಬರಬೇಕು. ನಾನು ಹೆಣ್ಣಿನ ಕಡೆಯವನು. ತಲೆಬಾಗಿಲಿಗೆ ಹೋಗಿ ನನ್ನ ಕೈಯಿಂದಲೇ ಅವಳ ಕಾಲಿಗೆ ನೀರು ಹಾಕಬೇಕು. ಕಾಲಿಗೆ ನೀರು ಬೀಳದೆ ಅವಳು ಒಳಗೆ ಬರುವ ಹಾಗಿಲ್ಲ, ಪುಡಿಯನ್ನು ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಒಳಗೆ ಬಂದವಳು ನವಿಲುಗರಿಯಿಂದ ಒಂದೇ ಒಂದು ಕೊಂಬೆಗೆ ಪುಡಿ ಸವರುತ್ತಾಳೆ. ಆ ಕೊಂಬೆಯ ಬೀಜ ಮುಂದಿನ ವರ್ಷ ಎರಡೂ ಮನೆಯಲ್ಲಿ ಬಿತ್ತಲಿಕ್ಕೆ, ಉಳಿದ ಗಿಡವೆಲ್ಲ ನ್ಯಾಯಕ್ಕೆ. ಮಿಕ್ಕ ಬೀಜವನ್ನು ಗುಬ್ಬಿಗಳಿಗೆ ಹಾಕುತ್ತೇವೆ. ಆಮೇಲೆ ಹೋಳಿಗೆ ಊಟ. ಊಟದಲ್ಲಿ ಕೊಂಕು ತೆಗೆಯುವುದು ಗಂಡಿನ ಕಡೆಯವರ ಹಕ್ಕು.

ಆ ಹಕ್ಕನ್ನು ನಮ್ಮಕ್ಕನ ಹಾಗೆ ಚಲಾಯಿಸಿದವರು ಚರಿತ್ರೆಯಲ್ಲಿಲ್ಲ. ಹಿಂದಿನ ವರ್ಷದ ಊಟದಲ್ಲಿ ಹೋಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು, "ಪಾರವ್ವಾ, ಹೋಳಿಗಿ ಹಂಚಿನ ಮ್ಯಾಲ ಬೇಯಿಸಿದ್ಯೋ, ಹಂಚನ್ನ ಬಡಸೀಯೋ?" ಅಂದಳು. ಬಂದವರೆಲ್ಲ ಗಂಭೀರವಾಗಿ ತಲೆದೂಗಿದರು. ಪಾರವ್ವ ಅಡುಗೆಮನೆಗೆ ಹೋದಳು. ಅದಾದ ನಾಲ್ಕು ತಿಂಗಳಿಗೆ ಪಾರವ್ವನಿಗೆ ಟೈಫಾಯ್ಡ್ ಬಂತು. ಇಪ್ಪತ್ತೊಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಲುವೆ ದಾಟಿದರೆ ಮನೆ, ಕೂಗಿದರೆ ಕೇಳುವಷ್ಟು ದೂರ, ಆದರೂ ಅಕ್ಕ ಒಂದು ದಿನ ಬಂದು "ಹೆಂಗದೀಯವ್ವಾ" ಅನ್ನಲಿಲ್ಲ. ಕೇಳಿದರೆ, "ನನಗ ಯಾರೂ ಹೇಳಿ ಕಳಸಲಿಲ್ಲ" ಅಂದಳಂತೆ. ಹೇಳಿ ಕಳಿಸಲು ಇದೇನು ಸೀಮಂತವೇ?

ಇದಾದ ಮೇಲೆ ಬಂದ ಹೂಪುಡಿಯ ದಿನವೇ ಅವಳು ಹೊಸ್ತಿಲು ದಾಟದೆ ಹೋದದ್ದು. ಮೊದಲೇ ಹೇಳಿದ್ದೇನೆ. ಇನ್ನೊಮ್ಮೆ ಹೇಳುವುದಿಲ್ಲ.

ಗಿಡ ಕಾಯಿತು. ತೆನೆಯ ಬಿಳಿ ಕೂದಲನ್ನು ಹೊರಗೆ ಚಾಚಿ ಒಂದು ವಾರ ಕಾಯಿತು, ಎರಡು ವಾರ ಕಾಯಿತು. ಕೂದಲು ಕೆಂಪಗಾಗಿ ಒಳಗೆ ಸುರುಳಿಯಾದವು. "ಪಾಪ, ಎಷ್ಟು ದಿನಾಂತ ದಾರಿ ನೋಡೀತ್ರಿ," ಎಂದು ಪಾರವ್ವ ದಿನವೂ ನೀರು ಹಾಕುವಾಗ ಹೇಳುತ್ತಿದ್ದಳು. ನನ್ನನ್ನೇ ನೋಡಿ ಹೇಳುತ್ತಿದ್ದಳು ಅನ್ನುವುದು ಬೇರೆ ಮಾತು. ಮೂರನೆಯ ವಾರ ತೆನೆಯ ಸಂದಿಯಲ್ಲಿ ಹಳದಿ ಬಣ್ಣದ ಪುಟ್ಟ ಕೊಂಬುಗಳು ಕಂಡವು, ಗೊಂಬೆಯಾಟದ ಬಾಳೆಹಣ್ಣಿನ ಹಾಗೆ. ಹೆಣ್ಣು ಗಿಡ ತನ್ನ ಮೈಮೇಲೆ ತಾನೇ ಗಂಡುಹೂ ಬಿಟ್ಟಿತ್ತು. ತಿಂಗಳಾಗುವುದರೊಳಗೆ ಕೆಳಗಿನ ಕೊಂಬೆಗಳಲ್ಲಿ ಬೀಜ. ಬೂದುಬಣ್ಣ, ಮೈಮೇಲೆ ಕಂದು ಗೆರೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗದ ಗಟ್ಟಿ ಬೀಜ. ನನಗೆ ಎಂಥ ಹೆಮ್ಮೆಯಾಯಿತು ಅಂದರೆ, ಯಾರಿಗೂ ಕಾಣದ ಹಾಗೆ ಸ್ವಲ್ಪ ನಕ್ಕೆ. ಬೀಗರಿಲ್ಲ, ಬೀಗರ ಬಿಗುಮಾನವಿಲ್ಲ, ಕಾಲಿಗೆ ನೀರಿಲ್ಲ, ಹೋಳಿಗೆಗೆ ಹೆಸರಿಡುವವರಿಲ್ಲ. ಮದುವೆ ಅಂದರೆ ಹೀಗಿರಬೇಕು.

ಸುದ್ದಿ ಕಾಲುವೆ ದಾಟಿತು. ಅಕ್ಕ ಚಾವಡಿಗೆ ದೂರು ಒಯ್ದಳು. ನಮ್ಮ ಚಾವಡಿಯ ಯಜಮಾನರು ತಿಪ್ಪನಗೌಡರು. ಅವರಿಗೆ ಸೊಂಟ ನೋವು, ಆದ್ದರಿಂದ ನ್ಯಾಯ ಬೇಗ ಬೇಗ ಆಗುತ್ತದೆ.

"ಇದು ಬೀಜ ಅಲ್ರೀ ಗೌಡ್ರ, ಹಠ," ಅಂದಳು ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಹಠದಾಗ ಹುಟ್ಟಿದ್ದು ಹಠಾನ ಹಡೀತೈತಿ. ಅವ್ವನ ಚಾಳಿ ಮಗಳಿಗೆ ಬಿಡೂದಿಲ್ಲ. ಈ ವರ್ಷ ನಾಕು ಕೊಂಬಿ, ಬರೂ ವರ್ಷ ಇಡೀ ಗಿಡ ಗಂಡುಹೂ ಬಿಟ್ಟು ಬರೇ ಬೀಜಾಗಿ ಕುಂದರ್ತೈತಿ. ಎಲಿ ಎಲ್ಲಿಂದ ತರ್ತೀರಿ? ಇವನ ಗಡ್ಡ ಅರದು ಕುಡೀತೀರೇನು?"

"ಅವ್ವ ಛಲೋ ಇದ್ಲಲ್ಲ ಗೌಡ್ರ," ಅಂದೆ ನಾನು. "ಹೊರಗಿಂದ ಯಾರೂ ಬೆರೆತಿಲ್ಲ ಅಂದಮ್ಯಾಲ ಪೂರಾ ಅವ್ವನ ಗುಣಾನ ಬರೂದು. ಅದೂ ಅಲ್ದ ಎಲ್ಲಾ ಸಸಿ ಹೆಣ್ಣ ಆಗ್ತಾವ. ಗಂಡು ಹುಡುಕಿ ಕಿತ್ತು ಒಗಿಯೂ ಕೆಲಸಾನ ಇಲ್ಲ."

"ಎಲ್ಲಾ ಹೆಣ್ಣಾದ್ರ ನನ್ನ ಹಿತ್ತಲದಾಗ ಏನ್ ಬಿತ್ಲೆಪಾ? ಮೆಂತ್ಯಾ?"

"ಬಿತ್ತು. ಪಲ್ಯಕ್ಕ ಬರ್ತೈತಿ."

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಅದಕ್ಕೆ ನಾನು ತಯಾರಾಗಿದ್ದೆ. ಸಿಟ್ಟಿನ ಹಿಂದೆ ಇನ್ನೇನೋ ಇತ್ತು, ಅದಕ್ಕೆ ತಯಾರಾಗಿರಲಿಲ್ಲ. ಗಂಡು ಗಿಡವಿಲ್ಲ ಅಂದರೆ ಅವಳಿಗೆ ಹೂಪುಡಿಯ ದಿನವಿಲ್ಲ. ಹಸಿರು ಸೀರೆ ಉಟ್ಟು ಊರ ನಡುವೆ ಗತ್ತಿನಿಂದ ನಡೆದು ತವರಿಗೆ ಬರುವ ಒಂದು ದಿನ ಅವಳ ಬದುಕಿನಿಂದ ಹೋಗುತ್ತದೆ. ಹೋಗಲಿ ಎಂದು ನಾನೂ ಗಟ್ಟಿ ಮಾಡಿಕೊಂಡೆ.

"ಪರಊರಿಂದ ಬೀಜ ತರೂನೇನು?" ಎಂದು ಹಿಂದಿನಿಂದ ಯಾರೋ ಕೇಳಿದರು. ಗೌಡರು ಕೈ ಅಲ್ಲಾಡಿಸಿದರು. ಪರಊರಿನ ಭಂಗಿ ಕುಡಿದರೆ ಎಲ್ಲರಿಗೂ ಕಾರಣವಿಲ್ಲದೆ ನಗು ಬರುತ್ತದೆ. ಅದರಿಂದ ನ್ಯಾಯ ಹೇಗೆ ಮಾಡುವುದು? ಕೊನೆಗೆ ಗೌಡರು ಸೊಂಟ ಹಿಡಿದುಕೊಂಡೇ ತೀರ್ಪು ಕೊಟ್ಟರು. ಬೀಜ ಬಿತ್ತಬೇಕು. ಮುಂದಿನ ವರ್ಷ ಹೂ ಬಿಟ್ಟು ಎಲೆ ಬಲಿತಾಗ ಅದನ್ನೇ ಕುಡಿದು ನಾವಿಬ್ಬರೂ ಹೂಪುಡಿ ತಪ್ಪಿದ್ದು ಯಾರಿಂದ ಎಂದು ಹೇಳಬೇಕು. ಎಲೆಯ ಪರೀಕ್ಷೆಯೂ ಆಯಿತು, ನಮ್ಮ ಪರೀಕ್ಷೆಯೂ ಆಯಿತು, ಎರಡು ಸಲ ಕೂರುವುದು ತಪ್ಪಿತು. "ಗದಿಗೆಪ್ಪ ನಕ್ರ ಮನಿ ಬಿಡಬೇಕು. ಕಾಶವ್ವ ನಕ್ರ ಗಂಡಿನ ಕಡೆಯಾಕಿ ಅನ್ನೋ ಮಾನ ಇವತ್ತಿಗೆ ಮುಗೀತು. ಏಳ್ರಿ."

ಹನ್ನೊಂದು ಬೀಜ ಬಿತ್ತಿದೆ, ಉಳಿದವನ್ನು ಡಬ್ಬಿಯಲ್ಲಿಟ್ಟೆ. ಒಂಬತ್ತು ಮೊಳೆತವು, ಒಂಬತ್ತೂ ಹೆಣ್ಣು. ಕಾಂಡ ಗಟ್ಟಿ, ಎಲೆ ಅಗಲ, ವಾಸನೆ ಚಾವಡಿಯ ತನಕ. ದಾರಿಯಲ್ಲಿ ಸಿಕ್ಕವರಿಗೆಲ್ಲ "ಬಂದು ನೋಡ್ರಿ, ಅಪ್ಪ ಇಲ್ಲದ ಮನಿ ಹೆಂಗ ನಡೀತೈತಿ" ಎಂದು ಹೇಳಿದೆ. ಆದರೆ ಹೂ ಬಿಡುವ ಹೊತ್ತಿಗೆ ಎರಡು ಗಿಡಗಳಲ್ಲಿ ಆ ಹಳದಿ ಕೊಂಬು ಇಣುಕಿತು, ಯಾರೂ ತಡಮಾಡದಿದ್ದರೂ, ಯಾರೂ ಕಾಯಿಸದಿದ್ದರೂ. ಚಾಳಿ ಬರುತ್ತದೆ ಎಂದು ಅಕ್ಕ ಹೇಳಿದ್ದು ನನ್ನ ಕಿವಿಯಲ್ಲಿ ಗುಂಯ್ ಅಂದಿತು. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹೋಗಿ ಉಗುರಿನಿಂದ ಚಿವುಟಿ ತೆಗೆಯತೊಡಗಿದೆ. ಒಂದು ದಿನ ಗೌಡರು ಬಂದು, "ಗಂಡುಹೂ ಬಿಟ್ಟಾವೇನೋ?" ಎಂದು ಕೇಳಿದರು.

"ಈಗ ಗಿಡದ ಮ್ಯಾಲ ಒಂದೂ ಇಲ್ರಿ," ಅಂದೆ.

ಗೌಡರು ಹೋದ ಮೇಲೆ ಪಾರವ್ವ ಕಸಬರಿಗೆ ನಿಲ್ಲಿಸಿ, "ಈಗ ಅನ್ನೂದನ್ನ ಭಾಳ ಸಣ್ಣಗ ಅಂದ್ರಲ್ರಿ," ಅಂದಳು.

ವಿಚಾರಣೆಗೆ ಎರಡು ದಿನ ಇರುವಾಗ ರೇವಪ್ಪನ ಹಿಂದಿನ ಕೋಣೆಗೆ ಹೋದೆ. ಅವನು ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಊದುತ್ತ, "ಏನಾತು ಹೇಳ್ರಿ. ಪೂರಾ ಮಾತ್ರ ಹೇಳಬ್ಯಾಡ್ರಿ. ಪೂರಾ ಕೇಳಿದ್ರ ನನಗ ಮಡಚಾಕ ಬರೂದಿಲ್ಲ," ಅಂದ. ಅರ್ಧ ಹೇಳಿದೆ. ಅವನು ಕಣ್ಣು ಮುಚ್ಚಿ, ಮೂರು ಸಲ ನೀರು ಚಿಮುಕಿಸಿ, "ಅಕ್ಕ ಹೊಸ್ತಿಲು ದಾಟಲಿಲ್ಲ," ಎಂದು ಕೈಗಿಟ್ಟ. ಎಷ್ಟು ಚೊಕ್ಕ ಮಾತು! ಒಂದು ಸುಕ್ಕಿಲ್ಲ, ಒಂದು ಎಳೆ ಹೊರಗಿಲ್ಲ. "ಇಷ್ಟ ಹೇಳಿ ಬಾಯಿ ಮುಚ್ಚರಿ. ಮುಂದ ಒಂದಕ್ಷರ ಬಿಚ್ಚಿದ್ರ ನನ್ನ ಜವಾಬ್ದಾರಿ ಇಲ್ಲ." ಹೊರಡುವಾಗ ನೋಡಿದರೆ ಬಾಗಿಲಲ್ಲಿ ಅಕ್ಕನ ಚಪ್ಪಲಿ. ಅವಳ ಮಾತೂ ಇಲ್ಲೇ ಇಸ್ತ್ರಿಗೆ ಬಂದಿತ್ತು. ಎರಡೂ ಕಡೆಯ ಅಂಗಿಗೆ ಒಂದೇ ಕೆಂಡ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ರೇವಪ್ಪನ ಮೇಲೆ ಸಿಟ್ಟು ಮಾಡಿಕೊಂಡವನಿಗೆ ನಮ್ಮೂರಿನಲ್ಲಿ ನಿಜ ಹೇಳಲು ಬರುವುದಿಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ಪಾರವ್ವನೇ ಎಲೆ ಅರೆದಳು. ಕಟ್ಟೆಯ ಸುತ್ತ ಜನವೋ ಜನ. ತನಗೆ ತಾನೇ ಹುಟ್ಟಿದ ಎಲೆ ಏನು ಮಾಡುತ್ತದೆ ಎಂದು ನೋಡಲು ಕೆಲಸಬೊಗಸೆ ಬಿಟ್ಟು ಬಂದಿದ್ದರು. ಅಕ್ಕ ಹಸಿರು ಸೀರೆ ಉಟ್ಟು ಎದುರಿಗೆ ಕೂತಿದ್ದಳು. ಇಬ್ಬರೂ ಒಂದೇ ಗುಟುಕಿಗೆ ಕುಡಿದೆವು. ಎಂದಿನ ಒಗರು, ಎಂದಿನ ಬೆಲ್ಲ. ಬೇರೆ ಏನೂ ಅನ್ನಿಸಲಿಲ್ಲ. ಅಪ್ಪನಿಲ್ಲದ ಬೀಜಕ್ಕೆ ಜಯವಾಯಿತು ಎಂದುಕೊಂಡೆ.

"ಹೇಳಪಾ ಗದಿಗೆಪ್ಪ," ಅಂದರು ಗೌಡರು.

"ಅಕ್ಕ ಹೊಸ್ತಿಲು ದಾಟಲಿಲ್ಲ," ಅಂದೆ. ಗರಿಗರಿಯಾಗಿ ಬಂತು. ನಗು ಬರಲಿಲ್ಲ. ರೇವಪ್ಪ ಅಂಗಡಿಯ ಬಾಗಿಲಲ್ಲಿ ನಿಂತು ಮೆಚ್ಚಿಗೆಯಿಂದ ಕಣ್ಣು ಮುಚ್ಚಿದ. ನಾನು ಬಾಯಿ ಮುಚ್ಚಬೇಕಾಗಿತ್ತು. ಬಾಯಿ ಮುಚ್ಚಲಿಲ್ಲ.

"ದಾಟಾಕ ಬಿಟ್ಟಿದ್ರ ದಾಟ್ತಿದ್ಲು," ಅಂದಿತು ನನ್ನ ಬಾಯಿ.

ನಾನು ಹಲ್ಲು ಕಚ್ಚಿದೆ. ನಗುವನ್ನು ತಡೆಯಲು ಐವತ್ತು ವರ್ಷ ಅಭ್ಯಾಸ ಮಾಡಿದ ಹಲ್ಲು, ಮಾತನ್ನು ತಡೆಯಲು ಅವಕ್ಕೆ ಬರಲಿಲ್ಲ.

"ಆಕಿ ಬಂದಿದ್ಲ್ರಿ ಗೌಡ್ರ. ಹಳದಿ ಅರಿವ್ಯಾಗ ಪುಡಿ ಕಟಗೊಂಡು ಬಂದಿದ್ಲು. ತಮ್ಮ ಬಂದು ನೀರು ಹಾಕ್ತಾನಂತ ಚಪ್ಪಲಿ ಬಿಟ್ಟು ಬರಿಗಾಲಾಗ ನಿಂತಿದ್ಲು. ಬಿಸಲಿಗೆ ಕಲ್ಲು ಕಾದಿದ್ದುವು. ಒಂದು ಕಾಲು ಎತ್ತೂದು, ಒಂದು ಕಾಲು ಇಡೂದು ಮಾಡ್ತಿದ್ಲು. ಪಾರವ್ವ ಬಾಗಲಕ್ಕ ಹೋಗಿ, ಅವ್ರು ಮನ್ಯಾಗಿಲ್ಲ ಅಂತ ಹೇಳಿದ್ಲು. ಆದ್ರೂ ಆಕಿ ಹೋಗಲಿಲ್ಲ. ಬರ್ತಾನ, ಎಲ್ಲಿ ಹೋಗ್ತಾನ, ನಿಲ್ತೀನಿ ಅಂದ್ಲು. ಭಾಳ ಹೊತ್ತು ನಿಂತ್ಲು."

"ನೀ ಎಲ್ಲಿದ್ದಿ?"

"ಮನ್ಯಾಗ ಇರಲಿಲ್ರಿ. ಹಿತ್ತಲದಾಗ ಬಣವಿ ಹಿಂದ ಕುಂತಿದ್ದೆ. ಅಲ್ಲಿಂದ ತಲಿಬಾಗಿಲು ನೆಟ್ಟಗ ಕಾಣ್ತೈತಿ. ಆಕಿ ಕಾಲು ಕಾಣ್ತಿದ್ದುವು."

"ಹಿತ್ತಲದಾಗ ಯಾಕ ಕುಂತಿದ್ಯೋ?"

"ಮನ್ಯಾಗಿಲ್ಲ ಅಂದದ್ದು ಸುಳ್ಳ ಆಗಬಾರದಲ್ರಿ."

ಪಾರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಮಾತು ಅಲ್ಲಿಗೂ ನಿಲ್ಲಲಿಲ್ಲ. ಅಕ್ಕನ ವಕೀಲನ ಹಾಗೆ ಒಂದೊಂದೇ ಎತ್ತಿ ಎತ್ತಿ ಇಟ್ಟೆ. ಹೋಳಿಗೆಗೆ ಹೆಸರಿಡುವುದು ಅವಳಿಗೆ ನಮ್ಮ ಅವ್ವ ಕಲಿಸಿದ್ದು, ಗಂಡಿನ ಕಡೆಯವರು ಸುಮ್ಮನೆ ಉಂಡರೆ ಅಡುಗೆ ರುಚಿಯಾಗಿಲ್ಲ ಎಂದೇ ಅರ್ಥ ಎಂದು. ಅವಳು ಪ್ರತಿ ವರ್ಷವೂ ಕೊಂಕು ತೆಗೆದು ಪ್ರತಿ ವರ್ಷವೂ ಮೂರು ಹೋಳಿಗೆ ತಿನ್ನುತ್ತಿದ್ದಳು. ಆ ವರ್ಷವೂ ಮೂರು ತಿಂದಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಣವೆಯ ಹಿಂದೆ ಕೂತಿದ್ದೆ.

ನಾನು ದಣಿದು ಸುಮ್ಮನಾದಾಗ ಗೌಡರು ಅಕ್ಕನತ್ತ ತಿರುಗಿದರು. ಅಕ್ಕನ ಮುಖದಲ್ಲಿ ಗೆದ್ದವಳ ಕಳೆ ಇತ್ತು. "ನನಗ ಯಾರೂ ಹೇಳಿ ಕಳಸಲಿಲ್ಲ," ಎಂದು ಶುರು ಮಾಡಿದಳು. ರೇವಪ್ಪನ ಇಸ್ತ್ರಿ, ನೋಡಿದ ಕೂಡಲೇ ಗೊತ್ತಾಯಿತು. ಆಮೇಲೆ ಅವಳ ಕಣ್ಣು ಅಗಲವಾದವು.

"ಹೇಳಿ ಕಳಸಲಿಲ್ಲ ಖರೆ. ಆದ್ರ ಪಾರವ್ವಗ ಜ್ವರ ಬಂದದ್ದು ಗೊತ್ತಿತ್ತು. ಔಷಧದ ಅಂಗಡ್ಯಾಗ ನಾನ ಕೇಳಿದ್ದೆ, ಗದಿಗ್ಯಾ ಯಾರಿಗೆ ಗುಳಿಗಿ ಒಯ್ಯಾಕತ್ತಾನ ಅಂತ. ಗಂಜಿ ಕಾಸಿ ತಂಬಿಗ್ಯಾಗ ಹಾಕ್ಕೊಂಡು ಕಾಲುವಿ ತನಕ ಬಂದೆ. ಹೋದ ಸಲ ಹಂಚು ಅಂದೆನಲ್ಲ, ಆಕಿ ಅಡಗಿಮನ್ಯಾಗ ಅತ್ತದ್ದು ನನಗ ಕೇಳಿಸಿತ್ತು. ಕೇಳಿಸಿದ್ರೂ ಮೂರನೇ ಹೋಳಿಗಿ ತಿಂದೆ. ಯಾವ ಮಾರಿ ತಗೊಂಡು ಹೋಗ್ಲಿ ಅಂತ ಗಂಜಿ ಕಾಲುವ್ಯಾಗ ಚೆಲ್ಲಿ ತಿರುಗಿ ಹೋದೆ. ಇಪ್ಪತ್ತೊಂದು ದಿನ ತಮ್ಮ ಒಬ್ಬನ ಆಕಿ ಮೈ ಒರಸ್ಯಾನ, ಗಂಜಿ ಕುಡಿಸ್ಯಾನ. ದಿನಾ ಸಂಜಿಗೆ ತಲಿಬಾಗಲದಾಗ ನಿಂತು ಕಾಲುವಿ ಕಡೆ ನೋಡತಿದ್ದ. ನನ್ನ ಮನಿ ಕಟ್ಟಿಯಿಂದ ಕಾಣ್ತಿತ್ತು. ನೋಡ್ಕೋತ ನಾ ಕುಂತಿದ್ದೆ." ಅವಳು ಉಸಿರು ಎಳೆದುಕೊಂಡಳು. "ಅವ ಬಣವಿ ಹಿಂದ ಕುಂತದ್ದು ಸರಿ ಐತ್ರಿ. ನನಗಾಗಿದ್ರ ನಾ ಬಾಗಲಾನ ತಗೀತಿರಲಿಲ್ಲ."

ಯಾರೂ ನಗಲಿಲ್ಲ. ನಾನೂ ಇಲ್ಲ, ಅವಳೂ ಇಲ್ಲ. ಗೌಡರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಖಾಲಿ ಬಟ್ಟಲನ್ನು ನೋಡಿದರು. "ಇವ ಆಕಿ ಕಡೆ, ಆಕಿ ಇವನ ಕಡೆ. ಹಂಗಾರ ಸೋತವ್ರು ಯಾರು?"

"ಎಲಿ ಕೆಟ್ಟೈತ್ರಿ," ಎಂದು ರೇವಪ್ಪ ಬಾಗಿಲಿನಿಂದಲೇ ಕೂಗಿದ. ಅವನ ಹಣೆಯಲ್ಲಿ ಬೆವರು. "ಇಬ್ಬರ ಮಾತನ್ನೂ ನನ್ನ ಕೈಯಾರ ಮಡಚಿದ್ದೆ. ಮಡಿಕಿ ಬಿಚ್ಚೂ ಎಲಿ ಎಂಥಾ ಎಲಿ?"

ಗೌಡರು ಪರೀಕ್ಷೆಗೆಂದು ಬಟ್ಟಲಿನ ತಳಕ್ಕೆ ಬೆರಳು ಹಚ್ಚಿ ನೆಕ್ಕಿದರು. ನಾಲಿಗೆ ಚಪ್ಪರಿಸಿದರು. "ರುಚಿ ಎಲ್ಲಾ ಬರೋಬ್ಬರಿ ಐತಿ. ಆ ಬಾವೀನೂ ನಮ್ಮ ದೊಡ್ಡಪ್ಪನ ಮಗನ ಪಾಲಿಗೆ—" ಅಂದವರು ಸಟ್ಟನೆ ಶಾಲನ್ನು ಬಾಯಿಗೆ ತುರುಕಿಕೊಂಡರು. ಆ ಬಾವಿಯ ವ್ಯಾಜ್ಯ ಹನ್ನೆರಡು ವರ್ಷದ್ದು. ಜನರ ನಡುವೆ ನಿಂತಿದ್ದ ದೊಡ್ಡಪ್ಪನ ಮಗ ಒಂದು ಹೆಜ್ಜೆ ಮುಂದೆ ಬಂದ. ಗೌಡರು ಸೊಂಟನೋವು ಮರೆತು ಎದ್ದು ನಿಂತರು.

ಶಾಲಿನ ಒಳಗಿಂದಲೇ ತೀರ್ಪು ಬಂತು. ಯಾರೂ ನಕ್ಕಿಲ್ಲವಾದ್ದರಿಂದ ಮನೆ ನನಗೆ, ಮಾನ ಅಕ್ಕನಿಗೆ. ಬೀಜ ಮಾತ್ರ ಬೆಳೆಯಲು ಯೋಗ್ಯವಲ್ಲ. ಒಂಬತ್ತೂ ಗಿಡ ಕೀಳಬೇಕು, ಉಳಿದ ಬೀಜ ಸುಡಬೇಕು, ಪರಊರಿಂದ ಹೊಸ ಬೀಜ ತರಬೇಕು.

ನೋಡಿ ನ್ಯಾಯ. ಮೊದಲು ಎಲೆಯಲ್ಲಿ ಸತ್ವ ಇರುವುದಿಲ್ಲ ಎಂದು ಹೆದರಿದವರು ಇವರೇ. ಈಗ ಸತ್ವ ಹೆಚ್ಚಾಯಿತು ಎಂದು ಸುಡುವವರೂ ಇವರೇ. ಕಾರಣವಿಲ್ಲದೆ ಎಲ್ಲರನ್ನೂ ನಗಿಸುವ ಎಲೆಯಾದರೆ ಇವರಿಗೆ ನಡೆಯುತ್ತದೆ, ಎದುರಿನವನ ನೋವು ಆಡಿಸುವ ಎಲೆ ನಡೆಯುವುದಿಲ್ಲ. ಆ ಮಧ್ಯಾಹ್ನವೇ ಚಾವಡಿಯಲ್ಲಿ ಬಾಕಿಯಿದ್ದ ಏಳು ದೂರುಗಳನ್ನು ದೂರು ಕೊಟ್ಟವರೇ ಬಂದು ವಾಪಸು ತೆಗೆದುಕೊಂಡು ಹೋದರು, ಎಲ್ಲಿ ಸರತಿ ಬರುತ್ತದೋ ಎಂದು. ಒಂದು ಗುಟುಕೂ ಕುಡಿಸದೆ ಏಳು ಜಗಳ ತೀರಿಸಿದ ಎಲೆ ಅದು. ಅದನ್ನು ಕಿತ್ತರು. ನನ್ನ ಕೈಯಿಂದಲೇ ಕೀಳಿಸಿದರು.

ಬೀಜ ಸುಡುವುದು ಮರುದಿನ ಬೆಳಿಗ್ಗೆ ಎಂದಾಯಿತು. ನಾನು ಡಬ್ಬಿ ಹಿಡಿದು ತಲೆಬಾಗಿಲಿಗೆ ಬಂದಾಗ ಅಕ್ಕ ಅಲ್ಲಿ ನಿಂತಿದ್ದಳು, ಹೊಸ್ತಿಲಿನಾಚೆ. ಎದುರಿನವರ ಮಾತೆಲ್ಲ ಆಡಿ ಮುಗಿಸಿದ ಮೇಲೆ ನಮ್ಮದು ಅಂತ ಏನೂ ಉಳಿದಿರಲಿಲ್ಲ.

"ಚಾಳಿ ಬಂದಿತ್ತೇನು?" ಎಂದು ಕೊನೆಗೆ ಕೇಳಿದಳು.

"ಎರಡು ಗಿಡದಾಗ ಬಂದಿತ್ತು. ದಿನಾ ಚಿವುಟತಿದ್ದೆ."

"ನಾ ಹೇಳಿರಲಿಲ್ಲೇನು?" ಅಂದಳು. ಆಮೇಲೆ ಸೊಂಟದಿಂದ ಹಳದಿ ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.

ಚಾವಡಿಯ ಮುಂದೆ ಕುಳ್ಳು ಒಟ್ಟಿದ್ದರು. ಎಲ್ಲರ ಎದುರಿಗೆ ಡಬ್ಬಿಯನ್ನು ಬೆಂಕಿಗೆ ಬಗ್ಗಿಸಿದೆ. ಬೀಜ ಚಟಪಟ ಸಿಡಿದವು. ಗೌಡರು ದೂರದಿಂದಲೇ, "ಎಲ್ಲಾ ಸುಟ್ಟಿಯೇನೋ?" ಎಂದು ಕೇಳಿದರು.

"ನನ್ನ ಕೈಯಾಗಿದ್ದುವು ಎಲ್ಲಾ ಸುಟ್ಟೆನ್ರಿ," ಅಂದೆ.

ರೇವಪ್ಪ ಹುಬ್ಬೇರಿಸಿದ. ಕಸುಬುದಾರನಿಗೆ ಕಸುಬು ಕಾಣಿಸುತ್ತದೆ. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಅಕ್ಕ, ಒಂದು ತೊಟ್ಟು ಎಲೆ ಕುಡಿಯದೆ, ಸೊಂಟದ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಯಿ ತುಂಬ ನಕ್ಕುಬಿಟ್ಟಳು. ಊರಿಗೆ ಊರೇ ತಿರುಗಿ ನೋಡಿತು. "ಹೊಗಿ ಹತ್ತೇತ್ರಿ," ಎಂದು ಕೆಮ್ಮಿ ಸಂಭಾಳಿಸಿದಳು.

ಈಗ ನಮ್ಮ ಅಂಗಳದಲ್ಲಿ ಪರಊರಿನ ಗಿಡ ಬೆಳೆದಿದೆ. ಚಾವಡಿಯಲ್ಲಿ ಎರಡೂ ಕಡೆಯವರು ನಗುತ್ತಾರೆ, ಸಾಕ್ಷಿಗಳು ನಗುತ್ತಾರೆ, ಗೌಡರು ನಗುತ್ತ ಮುಂದಿನ ತಿಂಗಳಿಗೆ ಹಾಕುತ್ತಾರೆ. ಬಾವಿಯ ವ್ಯಾಜ್ಯಕ್ಕೆ ಹದಿಮೂರನೆಯ ವರ್ಷ. ಪರವಾಗಿಲ್ಲ, ಜನ ಖುಷಿಯಾಗಿದ್ದಾರೆ. ಕಾಲುವೆಯ ಆಚೆ ಅಕ್ಕನ ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ಹಿಂದೆ, ನಾಲ್ಕು ಗಿಡಗಳಿವೆ. ಏನು ಗಿಡ ಎಂದು ಯಾರಾದರೂ ಕೇಳಿದರೆ, ಹಿಂದಗಡೆ ಮೆಂತ್ಯ ಹಾಕಿದ್ದೇನೆ ಅನ್ನುತ್ತಾಳೆ. ಮೆಂತ್ಯವೂ ಇದೆ, ಸುತ್ತಲೂ.

ಈ ವರ್ಷ ಹೂಪುಡಿಯ ದಿನ ಬೆಳಗಿನ ಬಿಸಿಲು ಏರುವ ಹೊತ್ತಿಗೆ ಅವಳು ಹಸಿರು ಸೀರೆ ಉಟ್ಟು ಬಂದು ತಲೆಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ಕೈಯಲ್ಲಿ ಹಳದಿ ಗಂಟು. ಒಳಗೆ ಪುಡಿಯಲ್ಲ, ಅರೆಯಲು ತಂದ ಎಲೆ. ಒಳಗಿಂದ ಪಾರವ್ವನ ಹೋಳಿಗೆಯ ವಾಸನೆ.

"ನೀರು ಹಾಕೋ ಗದಿಗ್ಯಾ."

ನನಗೆ ರೇಗಿತು. "ಯಾವ ಲೆಕ್ಕಕ್ಕ, ಅಕ್ಕಾ? ನಿನ್ನ ಹಿತ್ತಲದಾಗ ಇರೂದೂ ಹೆಣ್ಣ, ನನ್ನ ಅಂಗಳದಾಗ ಇರೂದೂ ಹೆಣ್ಣ. ಈಗ ನೀನೂ ಹೆಣ್ಣಿನ ಕಡೆಯಾಕಿ. ನಾನ ಯಾಕ ಹಾಕಬೇಕು? ನನ್ನ ಕಾಲಿಗೆ ನೀ ಹಾಕು."

"ಹಂಗಂತಿ? ಹಂಗಾರ ಒಂದೊಂದು ಬಟ್ಟಲ ಕುಡದು ತೀರ್ಮಾನ ಮಾಡೂನೇನು?" ಎಂದು ಗಂಟನ್ನು ಮುಂದೆ ಹಿಡಿದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಬಾಯಿಂದಲೇ ಅವಳು ಗೆಲ್ಲುವುದನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿರಲಿಲ್ಲ. ಅವಳು ಅಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಕಾಲು ಎತ್ತಿದಳು, ಇಟ್ಟು ಇನ್ನೊಂದು ಎತ್ತಿದಳು.

ನಾನು ಒಳಗೆ ಹೋಗಿ ತಂಬಿಗೆ ತಂದೆ. ಇದು ಸೋತದ್ದಲ್ಲ. ಕಲ್ಲು ಕಾದಿದ್ದವು, ಅಷ್ಟೇ. ಬೇಕಾದರೆ ಬರೆದುಕೊಳ್ಳಿ.